ಹನ್ನೆರಡು ಮನೆಯ ‘ನಾನಲ್ಲ’

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಜೊತೆ ಬೂಟು. ಬೂಟಿನೊಳಗಿನ ಕಾಲುಗಳು ಕಟ್ಟಡದ ಸಂಘದ ಅಧ್ಯಕ್ಷರವು. ಕಾಲುಗಳ ಕೆಳಗೆ ಟ್ರೆಡ್‌ಮಿಲ್ಲು, ಅದರ ಕೆಳಗೆ ಎರಡನೆಯ ಮಹಡಿಯ ನೆಲ. ಆ ನೆಲದ ಕೆಳಗೆ, ಕಿವಿಗೆ ಹಿತ್ತಾಳೆಯ ಕೊಳವೆ ಹಚ್ಚಿಕೊಂಡು, ಹಳೆಯ ಗೋಡೆ ಗಡಿಯಾರವೊಂದರ ಬಡಿತ ಕೇಳಲು ಹೆಣಗುತ್ತ ಕೂತಿದ್ದವರು ಮುಳ್ಳಪ್ಪನವರು.

ಮುಳ್ಳಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತ ಬಂದವರಿಗೆ ಕಟ್ಟಡದವರು ಇಟ್ಟ ಹೆಸರು. ಅವರೂ ಅದಕ್ಕೆ ಓಗೊಡುತ್ತಿದ್ದರು. ಪೆಂಡುಲಮ್ಮಿನ ಗಡಿಯಾರ ಎಂದರೆ ಅವರಿಗೆ ಪ್ರಾಣ. ಅಂಥ ಗಡಿಯಾರದಲ್ಲಿ ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಎರಡೂ ಕಡೆ ಸಮವಾಗಿರಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಡಿಯಾರ ಕುಂಟತೊಡಗುತ್ತದೆ, ನಾಲ್ಕು ದಿನ ಕುಂಟಿ ನಿಂತುಬಿಡುತ್ತದೆ. ಇದು ಕಣ್ಣಿಗೆ ಕಾಣುವ ದೋಷವಲ್ಲ, ಕಿವಿಗೆ ಮಾತ್ರ ಸಿಗುವಂಥದ್ದು. ತಲೆಯ ಮೇಲೆ ಧಡ್ ಧಡ್ ಎಂದು ಒಬ್ಬರು ಓಡುತ್ತಿದ್ದರೆ ಕಿವಿಗೆ ಸಿಗುವುದು ಧಡ್ ಧಡ್ ಮಾತ್ರ.

ಆರು ತಿಂಗಳು ಸಹಿಸಿದ್ದರು. ಸಹಿಸಲು ಕಾರಣ ನೆಲಮಹಡಿಯ ಹಳೇ ಪಂಪಿನ ಕೋಣೆ. ಮುಳ್ಳಪ್ಪನವರ ಮನೆಯ ನೇರ ಕೆಳಗೆ ಅದು ನಾಲ್ಕು ವರ್ಷದಿಂದ ಖಾಲಿ ಬಿದ್ದಿತ್ತು. ಅದನ್ನು ಕೆಲಸದ ಕೋಣೆಯಾಗಿ ಕೊಡಿ ಎಂದು ಅವರು ಅರ್ಜಿಯ ಮೇಲೆ ಅರ್ಜಿ ಹಾಕಿದ್ದರು. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಿಂತ ಗಡಿಯಾರಗಳೇ ಹೆಚ್ಚಾಗಿ, ಹೆಂಡತಿ ಸಕ್ಕರೆಗೆ ಕೈಹಾಕಿದರೆ ಸ್ಪ್ರಿಂಗು ಸಿಗುವ ಸ್ಥಿತಿ ಬಂದಿತ್ತು. ಅರ್ಜಿಯ ತೀರ್ಮಾನ ಅಂದು ಸಂಜೆ ಐದರ ಸಭೆಯಲ್ಲಿ, ಅದೂ ಅಧ್ಯಕ್ಷರ ಕೈಯಲ್ಲಿ. ಬೂಟಿನ ವಿಷಯ ಎತ್ತಿದರೆ ಕೋಣೆ ಹೋಗುತ್ತದೆ, ಎತ್ತದಿದ್ದರೆ ಕಿವಿ ಹೋಗುತ್ತದೆ.

ಈ ಇಕ್ಕಟ್ಟಿನಲ್ಲಿ ಅವರಿಗೆ ನೆನಪಾದದ್ದು ‘ಮರೆಗುರುತು’. ಹಿಂದಿನ ತಿಂಗಳು ಸಂಘದ ಕಾರ್ಯದರ್ಶಿ ಎಲ್ಲರ ಫೋನಿಗೂ ಹಾಕಿಸಿದ್ದ ಹೊಸ ವ್ಯವಸ್ಥೆ ಅದು. ಕಾರ್ಯದರ್ಶಿಗೆ ಕನ್ನಡಕದ ಅಂಗಡಿ. ಎದುರಿಗಿದ್ದವರಿಗೆ ಸರಿಯಾಗಿ ಕಾಣುತ್ತಿಲ್ಲ ಎಂದು ನಂಬಿಸುವುದು ಅವನ ಕಸುಬು. ಬ್ಲಾಕ್‌ಚೈನ್ ಎಂದರೆ ಏನೆಂದು ಅವನು ಸಭೆಯಲ್ಲಿ ಒಂದು ಗಂಟೆ ವಿವರಿಸಿದ್ದ. ಒಬ್ಬೊಬ್ಬರ ಫೋನಿನಲ್ಲೂ ಒಂದೊಂದು ಗುಟ್ಟಿನ ಕೀಲಿ ಇರುತ್ತದೆ. ಅದನ್ನು ಒತ್ತಿದರೆ ನೀವು ಯಾರೆಂದು ಹೇಳದೆಯೇ, ನೀವು ಈ ಕಟ್ಟಡದವರು ಎನ್ನುವುದಷ್ಟೇ ಸಾಬೀತಾಗುತ್ತದೆ. ಬರೆದದ್ದು ಸರಪಳಿಯ ಕೊಂಡಿಯಂತೆ ಹನ್ನೆರಡೂ ಮನೆಯ ಫೋನಿನಲ್ಲಿ ಕೂರುತ್ತದೆ. ಒಬ್ಬರು ಅಳಿಸಿದರೂ ಉಳಿದ ಹನ್ನೊಂದರಲ್ಲಿ ಇದ್ದೇ ಇರುತ್ತದೆ.

“ಬರೆದವರು ಯಾರು ಅಂತ ನನಗೂ ಗೊತ್ತಾಗಲ್ಲ, ಬರೆದದ್ದನ್ನ ಯಾರಿಂದಲೂ ಅಳಿಸೋಕಾಗಲ್ಲ,” ಎಂದು ಅವನು ಎದೆ ತಟ್ಟಿಕೊಂಡು ಹೇಳಿದ್ದ.

ಆ ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಬೂಟು ನಿಂತ ಮೇಲೆ, ಮುಳ್ಳಪ್ಪನವರು ಬಾಗಿಲು ಹಾಕಿಕೊಂಡು ದೂರು ಬರೆದರು. ಆರು ತಿಂಗಳ ಕೋಪ ಬೆರಳ ತುದಿಗೆ ಬಂದಿತ್ತು. ಆದರೂ ಅವರು ಕೆಟ್ಟ ಮಾತು ಬಳಸುವವರಲ್ಲ. ಬರೆದದ್ದು ಇಷ್ಟೇ: ‘ಎರಡನೆಯ ಮಹಡಿಯ ಮೂಲೆ ಮನೆಯಲ್ಲಿ ದಿನಾ ಬೆಳಿಗ್ಗೆ ಐದು ಐವತ್ತೆರಡರಿಂದ ಏಳು ಹದಿನಾಲ್ಕರವರೆಗೆ ಟ್ರೆಡ್‌ಮಿಲ್ ಓಟ. ನಿಮಿಷಕ್ಕೆ ನೂರ ಮೂವತ್ತೆರಡು ಹೆಜ್ಜೆ. ಬಲಗಾಲು ಎಡಗಾಲಿಗಿಂತ ತುಸು ತಡವಾಗಿ ಬೀಳುತ್ತದೆ, ಅದೂ ವಾರದಿಂದ ವಾರಕ್ಕೆ ಹೆಚ್ಚುತ್ತಿದೆ. ಮನುಷ್ಯರು ಬದುಕುವ ಜಾಗದಲ್ಲಿ ಇದು ಅನ್ಯಾಯ.’

ಒತ್ತಿದರು. ‘ದೂರುದಾರರು ಈ ಕಟ್ಟಡದವರು’ ಎಂದು ಒಂದು ಹಸಿರು ಗುರುತು ಮೂಡಿತು. ಅದರ ಕೆಳಗೆ ಇನ್ನೊಂದು: ‘ದೂರುದಾರರ ಮನೆ ಸದ್ದಿನ ಮನೆಗೆ ತಾಗಿಕೊಂಡಿದೆ.’ ಸದ್ದು ಕೇಳಿಸದವರು ಸುಮ್ಮನೆ ತಂಟೆ ತೆಗೆಯಬಾರದು ಎಂದು ಕಾರ್ಯದರ್ಶಿ ತಾನೇ ಸೇರಿಸಿದ್ದ ನಿಯಮ ಅದು. ಮುಳ್ಳಪ್ಪನವರ ಎದೆ ಒಮ್ಮೆ ಟಿಕ್ ಎಂದಿತು, ಟಾಕ್ ಎನ್ನಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ಎಂಟು ಗಂಟೆಗೆಲ್ಲ ಕಟ್ಟಡ ಎದ್ದು ಕೂತಿತು. ನೆಲಮಹಡಿಯ ಟೈಲರಮ್ಮನ ಬಾಗಿಲಲ್ಲಿ ಆರೇಳು ಜನ ಸೇರಿದರು. ಹೊಲಿಗೆಗೆ ಎಲ್ಲರೂ ಅವಳಲ್ಲಿಗೇ ಹೋಗುತ್ತಿದ್ದುದರಿಂದ ಎಲ್ಲರ ಅಳತೆಯೂ ಅವಳಿಗೆ ಗೊತ್ತು, ಅಳತೆ ಕೊಡುವಾಗ ಬಾಯಿಬಿಟ್ಟ ಸುದ್ದಿಯೂ ಗೊತ್ತು. ಗುಟ್ಟನ್ನು ಗುಟ್ಟಾಗಿ ಇಡಲೆಂದೇ ತಂದ ಯಂತ್ರವನ್ನು ಹಿಡಿದುಕೊಂಡು ಈ ಜನ ಗುಟ್ಟು ಒಡೆಯಲು ಕೂತಿದ್ದಾರಲ್ಲ ಎಂದು ಮೆಟ್ಟಿಲ ಮೇಲೆ ನಿಂತ ಮುಳ್ಳಪ್ಪನವರಿಗೆ ಮೈಯೆಲ್ಲ ಉರಿಯಿತು.

“ತಾಗಿಕೊಂಡಿರೋದು ಮೂರೇ ಮನೆ,” ಟೈಲರಮ್ಮ ಕತ್ತರಿ ಆಡಿಸುತ್ತ ಹೇಳಿದಳು. “ಮೇಲಿನ ಮನೆಯವರು ಊರಲ್ಲೇ ಇಲ್ಲ, ದೂರು ಕಟ್ಟಡದ ಒಳಗಿಂದಲೇ ಒತ್ತಿದ್ದು ಅಂತ ಫೋನಲ್ಲೇ ತೋರಿಸ್ತಿದೆ. ಪಕ್ಕದ ಮನೆ ಟೀಚರಮ್ಮ ಮನೆಗೆ ಬಂದ ತಕ್ಷಣ ಕಿವಿ ಯಂತ್ರ ತೆಗೆದಿಡ್ತಾರೆ, ಅವರಿಗೆ ಸಿಡಿಲು ಹೊಡೆದರೂ ಕೇಳಲ್ಲ. ಇನ್ನುಳಿದದ್ದು ಕೆಳಗಿನ ಮನೆ.”

ಯಾರೋ ನಿಮಿಷಕ್ಕೆ ನೂರ ಮೂವತ್ತೆರಡು ಎಂದು ಮತ್ತೆ ಓದಿದರು. ಐದು ಮುಕ್ಕಾಲು, ಆರು ಗಂಟೆ ಎನ್ನದೆ ಐದು ಐವತ್ತೆರಡು ಎನ್ನುವವರು ಈ ಕಟ್ಟಡದಲ್ಲಿ ಎಷ್ಟು ಜನ ಇದ್ದಾರೆ ಎಂದು ಇನ್ನೊಬ್ಬರು ಕೇಳಿದರು. ಎಲ್ಲರೂ ಒಟ್ಟಿಗೆ ಮೆಟ್ಟಿಲ ಕಡೆ ತಿರುಗಿದರು.

ಮುಳ್ಳಪ್ಪನವರು ಕೆಂಡವಾದರು. “ಎಣಿಸೋಕೆ ಗಡಿಯಾರದವನೇ ಆಗಬೇಕಾ? ಫೋನಲ್ಲಿ ಟೈಮರ್ ಇಲ್ವಾ? ಯಾರು ಬೇಕಾದರೂ ಎಣಿಸಬಹುದು. ನನ್ನನ್ನು ಸಿಕ್ಕಿಸೋಕೆ ಅಂತಲೇ ಯಾರೋ ಹಾಗೆ ಬರೆದಿದ್ದಾರೆ,” ಎಂದರು. ಮಾತು ಬಾಯಿಂದ ಬಂದ ಮೇಲೆ ಅವರಿಗೇ ಅದು ನಿಜವೆನ್ನಿಸಿ, ಆ ಯಾರೋ ಒಬ್ಬನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹತ್ತು ಗಂಟೆಗೆ ಅಧ್ಯಕ್ಷರು ಇಳಿದು ಬಂದರು. ಮೊದಲು ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, ಈಗಲೂ ಎದುರಿಗೆ ಬಂದವರನ್ನು ಲೇಟಾಗಿ ಬಂದವರಂತೆಯೇ ನೋಡುವವರು. ಕಂಕುಳಲ್ಲಿ ದೊಡ್ಡ ಲಕೋಟೆ. ಯಾರನ್ನೂ ನೋಡದೆ ಆಟೋ ಹತ್ತಿ ಹೋದರು.

“ವಕೀಲರ ಹತ್ತಿರ,” ಎಂದು ಟೈಲರಮ್ಮ ತೀರ್ಪು ಕೊಟ್ಟಳು. ಮುಳ್ಳಪ್ಪನವರಿಗೆ ಪಂಪಿನ ಕೋಣೆಯ ಬಾಗಿಲು ಕಣ್ಣೆದುರಿಗೇ ಮುಚ್ಚಿದಂತಾಯಿತು.

ಹನ್ನೊಂದಕ್ಕೆ ಕಾರ್ಯದರ್ಶಿ ಅಂಗಡಿ ಬಿಟ್ಟು ಓಡಿಬಂದ. ಅವನ ವ್ಯವಸ್ಥೆಯ ಮರ್ಯಾದೆಯ ಪ್ರಶ್ನೆ. ದೂರು ಕೊಟ್ಟವರ ಹೆಸರು ಹೇಳಲು ಸಾಧ್ಯವೇ ಇಲ್ಲ ಎಂದು ಗಟ್ಟಿಯಾಗಿ ಹೇಳಿ, ಅದೇ ಉಸಿರಿನಲ್ಲಿ, ಆದರೆ ದೂರು ಕೊಡದವರು ತಾವಲ್ಲ ಎಂದು ಸಾಬೀತು ಮಾಡಿಕೊಳ್ಳಬಹುದು ಎಂದ. ಅದಕ್ಕೊಂದು ಗುಂಡಿ ಇತ್ತು. ಹೆಸರು ‘ನಾನಲ್ಲ’. ಒತ್ತಿದರೆ ಫೋನಿನ ಕೀಲಿ ತನ್ನೊಳಗೇ ಲೆಕ್ಕ ಹಾಕಿ, ಗುಟ್ಟೇನನ್ನೂ ಬಿಡದೆ, ಈ ದೂರು ಈ ಕೀಲಿಯಿಂದ ಹೋದದ್ದಲ್ಲ ಎಂದು ಮನೆಯ ನಂಬರಿನ ಮುಂದೆ ಹಸಿರು ಗುರುತು ಹಾಕುತ್ತಿತ್ತು.

“ಒತ್ತಲೇಬೇಕು ಅಂತೇನಿಲ್ಲ, ಇಷ್ಟ ಇದ್ದವರು ಒತ್ತಬಹುದು,” ಎಂದ.

“ಇಷ್ಟ ಇಲ್ಲದವನು ಕಳ್ಳ ಅಂತ ತಾನೇ ಅರ್ಥ?” ಮುಳ್ಳಪ್ಪನವರು ಕೇಳಿದರು. “ಹನ್ನೊಂದು ಜನ ನಾನಲ್ಲ ಅಂದರೆ ಹನ್ನೆರಡನೆಯವನ ಹೆಸರು ಬಾಯಿಬಿಟ್ಟು ಹೇಳೋದು ಯಾಕೆ ಬೇಕು? ಇದಕ್ಕೆ ಗುಟ್ಟು ಅಂತೀಯಲ್ಲಪ್ಪ, ನಿನಗೆ ನಾಚಿಕೆ ಆಗಲ್ವಾ?”

ಮಾತು ನೂರಕ್ಕೆ ನೂರು ಸರಿಯಾಗಿತ್ತು. ಆದರೆ ಆಡಿದವರು ಮುಳ್ಳಪ್ಪನವರಾದ್ದರಿಂದ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು. ಟೈಲರಮ್ಮ ಅವರ ಮುಖ ನೋಡುತ್ತಲೇ ತನ್ನ ಫೋನಿನಲ್ಲಿ ‘ನಾನಲ್ಲ’ ಒತ್ತಿದಳು. ನಿಂತಲ್ಲೇ ಇನ್ನೂ ಮೂವರು ಒತ್ತಿದರು.

ಮುಳ್ಳಪ್ಪನವರು ಮನೆಗೆ ಬಂದು ಗಡಿಯಾರ ಬಿಚ್ಚಿಕೊಂಡು ಕೂತರು. ಪಕ್ಕದಲ್ಲಿಟ್ಟ ಫೋನು ಗಳಿಗೆಗೊಮ್ಮೆ ಟಿಂಗ್ ಎನ್ನುತ್ತಿತ್ತು. ಐದು ಮನೆ. ಏಳು ಮನೆ. ಟೀಚರಮ್ಮನಿಗೆ ವಿಷಯವೇನೆಂದು ಬರೆದು ತೋರಿಸಿ ಒತ್ತಿಸಿದರಂತೆ, ಎಂಟು. ಊರಲ್ಲಿಲ್ಲದ ಮೇಲ್ಮನೆಯವರೂ ಇದ್ದಲ್ಲಿಂದಲೇ ಒತ್ತಿದರು. ಒಂದೂವರೆಗೆ ಸ್ವತಃ ಅಧ್ಯಕ್ಷರ ಮನೆಯ ನಂಬರಿನ ಮುಂದೆಯೂ ಹಸಿರು ಗುರುತು ಬಂತು. ತಮ್ಮ ಮೇಲೆ ತಾವೇ ದೂರು ಕೊಟ್ಟಿಲ್ಲ ಎಂದು ಸಾಬೀತು ಮಾಡುವಷ್ಟು ಶಿಸ್ತಿನವರು. ಹನ್ನೊಂದು ಹಸಿರು ಗುರುತಿನ ನಡುವೆ ಮುಳ್ಳಪ್ಪನವರ ನಂಬರು ಉದುರಿದ ಹಲ್ಲಿನ ಜಾಗದಂತೆ ಖಾಲಿ ಕಾಣುತ್ತಿತ್ತು.

ಹೆಂಡತಿ ಊಟಕ್ಕೆ ಕರೆಯಲು ಬಂದು ಫೋನು ನೋಡಿದರು, ಗಂಡನನ್ನು ನೋಡಿದರು.

“ರೀ, ನೀವೇ ತಾನೇ?”

“ಹೌದು ಕಣೇ.”

“ಹೋಗಿ ಹೇಳಿಬಿಡಿ. ಸದ್ದು ಆಗ್ತಿದೆ, ಕೆಲಸ ಆಗ್ತಿಲ್ಲ ಅಂತ. ಅದರಲ್ಲಿ ತಪ್ಪೇನಿದೆ?”

ತಪ್ಪೇನೂ ಇಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೆ ಕೋಣೆ? ನಾಲ್ಕು ವರ್ಷ ಕಾದ ಕೋಣೆಯನ್ನು ಒಂದು ಸಾಲಿನ ಸತ್ಯಕ್ಕೆ ಕಳೆದುಕೊಳ್ಳುವುದೇ? ನಾನೇನು ಕದ್ದಿದ್ದೇನೆಯೇ, ಕೊಂದಿದ್ದೇನೆಯೇ, ನನ್ನದೇ ಗುಟ್ಟನ್ನು ನನ್ನದಾಗಿ ಇಟ್ಟುಕೊಳ್ಳಲು ಈ ಪಾಡು ಪಡಬೇಕೇ ಎಂದು ಅವರಿಗೆ ಅಳುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರಿಗೆ ಒಂದು ಉಪಾಯ ಹೊಳೆಯಿತು. ‘ನಾನಲ್ಲ’ ಕೇಳುವುದು ಮನುಷ್ಯನನ್ನಲ್ಲ, ಕೀಲಿಯನ್ನು. ಕೀಲಿಯೇ ಬೇರೆಯಾದರೆ?

ಫೋನಿನಲ್ಲಿ ‘ಕೀಲಿ ಅಳಿಸು’ ಎನ್ನುವುದನ್ನು ಹುಡುಕಿ ಒತ್ತಿದರು. ಖಂಡಿತವೇ ಎಂದು ಮೂರು ಸಲ ಕೇಳಿತು. ಮೂರು ಸಲವೂ ಹೌದು ಎಂದರು. ಒಮ್ಮೆ ಅಳಿಸಿದ ಕೀಲಿ ಮತ್ತೆಂದೂ ಮರಳಿ ಬಾರದು ಎಂಬ ಸಾಲು ಬಂತು. ಬಾರದಿದ್ದರೆ ಪೀಡೆ ಹೋಯಿತು ಎಂದುಕೊಂಡರು.

ಹೊಸ ಕೀಲಿ ಬೇಕಾದರೆ ಬೇರೆ ಮನೆಯವರೊಬ್ಬರು ಸಾಕ್ಷಿ ಹೇಳಬೇಕಿತ್ತು. ಊಟದ ಮೇಲಿನ ಆ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟವಳು ಟೈಲರಮ್ಮ ಒಬ್ಬಳೇ. ಒದ್ದೆ ಬಟ್ಟೆಯಲ್ಲಿ ಫೋನು ಒರೆಸಿ, ಅಂಚಿನಲ್ಲಿ ನಾಲ್ಕು ಹನಿ ನಿಲ್ಲಿಸಿಕೊಂಡು ಮುಳ್ಳಪ್ಪನವರು ಅವಳ ಬಾಗಿಲಿಗೆ ಹೋದರು. ಫೋನು ಬೆಳಿಗ್ಗೆ ಬಕೆಟ್ಟಿಗೆ ಬಿತ್ತು, ಕೀಲಿ ಹೋಯಿತು, ಅದಕ್ಕೇ ಇಷ್ಟು ಹೊತ್ತು ‘ನಾನಲ್ಲ’ ಒತ್ತಲಾಗಲಿಲ್ಲ ಎಂದರು. ಟೈಲರಮ್ಮ ಹನಿ ನೋಡಿದಳು, ಸೂಜಿಗೆ ದಾರ ಪೋಣಿಸಿದಳು, ಮತ್ತೆ ಹನಿ ನೋಡಿದಳು. ಕೊನೆಗೆ ತನ್ನ ಫೋನು ತೆಗೆದಳು. ಅದರಲ್ಲಿ ಎರಡು ಸಾಲು ಮೂಡಿದವು. ಸುಳ್ಳು ಕಾರಣ ಕೊಟ್ಟು ಕೀಲಿ ಬದಲಿಸಿದವರಿಗೆ ಸಂಘದ ಯಾವ ಸೌಲಭ್ಯವೂ ಸಿಗುವುದಿಲ್ಲ, ಸಾಕ್ಷಿ ಹೇಳಿದವರಿಗೂ ಸಿಗುವುದಿಲ್ಲ. ಎದುರಿಗಿರುವವರನ್ನು ನೀವು ಬಲ್ಲಿರಾ?

“ಬಲ್ಲೆನಾ ಅಂತೆ,” ಟೈಲರಮ್ಮ ನಕ್ಕಳು. “ಸೊಂಟ ಮೂವತ್ತೆಂಟು, ಹೋದ ವರ್ಷ ಮೂವತ್ತಾರು. ಎಡ ಭುಜ ಅರ್ಧ ಇಂಚು ಕೆಳಗೆ. ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಡ್ತಾರೆ, ಆಮೇಲೆ ಬಿಗಿ ಅಂತ ವಾಪಸು ತರ್ತಾರೆ. ಇನ್ನೇನು ಬಲ್ಲದ್ದು ಬೇಕು ಇದಕ್ಕೆ?”

ತನ್ನ ಹೊಟ್ಟೆಯ ಲೆಕ್ಕ ಓಣಿಗೆಲ್ಲ ಕೇಳುವಂತೆ ಒಪ್ಪಿಸಿದ್ದನ್ನು ಮುಳ್ಳಪ್ಪನವರು ಹಲ್ಲು ಕಚ್ಚಿ ನುಂಗಿಕೊಂಡರು. ಹೊಸ ಕೀಲಿ ಬಂತು. ಅಲ್ಲೇ, ಅವಳೆದುರಿಗೇ, ‘ನಾನಲ್ಲ’ ಒತ್ತಿದರು. ಕೀಲಿ ಹುಟ್ಟಿ ಅರ್ಧ ನಿಮಿಷವಾಗಿತ್ತು, ಅದು ಯಾವ ಪಾಪವನ್ನೂ ಅರಿಯದು. ಹನ್ನೆರಡನೆಯ ಹಸಿರು ಗುರುತು ಕಟ್ಟಡದ ಎಲ್ಲ ಫೋನುಗಳಲ್ಲೂ ಟಿಂಗ್ ಎಂದು ಕೂತಿತು.

ಆಮೇಲಿನ ಎರಡು ಗಂಟೆ ಅವರ ಬಾಳಿನ ಸುಖದ ಹೊತ್ತುಗಳಲ್ಲೊಂದು. ಬೆಳಿಗ್ಗೆ ಅವರ ಕಡೆ ತಿರುಗಿ ನೋಡಿದವರೆಲ್ಲ ಒಬ್ಬೊಬ್ಬರಾಗಿ ಬಂದು ತಪ್ಪಾಯಿತು ಎಂದರು. ಮುಳ್ಳಪ್ಪನವರು ಸುಲಭಕ್ಕೆ ಬಿಡಲಿಲ್ಲ. ಮನುಷ್ಯರ ಮೇಲೆ ಗೂಬೆ ಕೂರಿಸುವ ಮೊದಲು ಯೋಚಿಸಬೇಕು, ನಿಮ್ಮ ಊಹೆಗಿಂತ ಯಂತ್ರದ ಸಾಕ್ಷಿ ದೊಡ್ಡದು, ಅದಕ್ಕೆ ಚಾಡಿ ಗೊತ್ತಿಲ್ಲ, ಹೊಟ್ಟೆಕಿಚ್ಚು ಗೊತ್ತಿಲ್ಲ ಎಂದು ಪ್ರತಿಯೊಬ್ಬರಿಗೂ ನಿಲ್ಲಿಸಿ ಬುದ್ಧಿ ಹೇಳಿದರು. ಬೆಳಿಗ್ಗೆ ಬೈದಿದ್ದ ಯಂತ್ರವನ್ನು ಮಧ್ಯಾಹ್ನ ಅಷ್ಟು ಚೆನ್ನಾಗಿ ಹೊಗಳಿದವರನ್ನು ಕಾರ್ಯದರ್ಶಿಯೂ ಕಂಡಿರಲಿಲ್ಲ.

ಸಂಜೆ ಐದಕ್ಕೆ ತಾರಸಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಿದ್ದವು. ಅಧ್ಯಕ್ಷರು ಕೈಯಲ್ಲಿ ಅದೇ ದೊಡ್ಡ ಲಕೋಟೆ ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಹೊಸದೊಂದು ಊರುಗೋಲು. ಲಕೋಟೆಯೊಳಗಿನ ಹಳೆಯ ಆಸ್ಪತ್ರೆ ಕಾಗದಗಳ ನಡುವಿನಿಂದ ಅಂದೇ ತೆಗೆಸಿದ ಎಕ್ಸ್-ರೇ ಹಾಳೆ ತೆಗೆದು ಆಕಾಶದ ಬೆಳಕಿಗೆ ಹಿಡಿದರು.

“ನಾನು ಇವತ್ತು ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ,” ಎಂದರು. “ಬಲಗಾಲು ತಡವಾಗಿ ಬೀಳುತ್ತೆ ಅಂತ ಬರೆದಿದ್ದರಲ್ಲ, ಅದು ನನಗೇ ಗೊತ್ತಿರಲಿಲ್ಲ. ನನ್ನ ಮನೆಯವರಿಗೂ ಗೊತ್ತಿರಲಿಲ್ಲ. ಸೊಂಟದ ಕೀಲು ಸವೆದಿದೆಯಂತೆ. ಇನ್ನೊಂದು ತಿಂಗಳು ಓಡಿದ್ದರೆ ಮತ್ತೆ ಎದ್ದು ನಡೆಯೋದು ಕಷ್ಟವಾಗ್ತಿತ್ತು ಅಂದರು.”

ಅಧ್ಯಕ್ಷರ ದನಿ ತುಸು ಒದ್ದೆಯಾಯಿತು. ಜೀವಮಾನವಿಡೀ ಜನ ತಮ್ಮೆದುರು ಹೂಂ ಸಾರ್ ಎಂದೇ ಇದ್ದಾರೆ, ನೇರವಾಗಿ ತಪ್ಪು ತೋರಿಸಿ ಉಪಕಾರ ಮಾಡಿದವರು ಇವರೊಬ್ಬರೇ ಎಂದರು. ದೂರು ಕೊಟ್ಟವರು ಈಗ ಮುಂದೆ ಬಂದರೆ ಪಂಪಿನ ಕೋಣೆಯನ್ನು ಅವರ ಹೆಸರಿಗೇ ಬರೆದುಕೊಡುತ್ತೇನೆ, ಸಂಘದಲ್ಲಿ ಯಾರ ಆಕ್ಷೇಪಣೆಯೂ ಇರಲಾರದು ಎಂದರು. ಯಾರ ಆಕ್ಷೇಪಣೆಯೂ ಇರಲಿಲ್ಲ.

ಮುಳ್ಳಪ್ಪನವರು ಎದ್ದು ನಿಂತದ್ದು ಅವರಿಗೇ ತಿಳಿಯಲಿಲ್ಲ.

“ಸಾರ್, ಆ ದೂರು ನಂದು.”

ಒಂದು ಗಳಿಗೆ ಅಧ್ಯಕ್ಷರ ಮುಖ ಅರಳಿತು. ಅಷ್ಟರಲ್ಲಿ ಕಾರ್ಯದರ್ಶಿ ಫೋನು ಎತ್ತಿ ಹಿಡಿದ. ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಈ ಮನೆಯಿಂದ ‘ನಾನಲ್ಲ’ ಬಂದಿದೆ, ಹನ್ನೆರಡೂ ಫೋನಿನಲ್ಲಿ ಇದೆ, ಯಾರಿಂದಲೂ ಅಳಿಸಲಾಗದು ಎಂದ. ಬೇಕಾದರೆ ‘ನಾನೇ’ ಎನ್ನುವ ಗುಂಡಿಯೂ ಇದೆ, ಒತ್ತಿ ನೋಡಲಿ ಎಂದ. ಮುಳ್ಳಪ್ಪನವರು ಒತ್ತಿದರು. ಕೆಂಪಾಯಿತು. ಮತ್ತೆ ಒತ್ತಿದರು. ಮತ್ತೆ ಕೆಂಪು.

“ನಿಮಿಷಕ್ಕೆ ನೂರ ಮೂವತ್ತೆರಡು ಅಂತ ಎಣಿಸೋರು ನನ್ನ ಬಿಟ್ಟು ಇನ್ಯಾರಿದ್ದಾರೆ ಇಲ್ಲಿ?” ಎಂದು ಅವರು ಕೂಗಿದರು. “ಬೆಳಿಗ್ಗೆ ನೀವೇ ಎಲ್ಲಾ ಸೇರಿ ನಾನೇ ಅಂತ ಹೇಳಿದ್ದಿರಲ್ಲ.”

ಬೆಳಿಗ್ಗೆ ತಪ್ಪು ಮಾಡಿದೆವು, ನೀವೇ ಬುದ್ಧಿ ಹೇಳಿದಿರಿ ಎಂದು ಹಿಂದಿನ ಸಾಲಿನಿಂದ ಒಬ್ಬರು ವಿನಯದಿಂದ ಹೇಳಿದರು. ಫೋನಲ್ಲಿ ಟೈಮರ್ ಇದೆ, ಯಾರು ಬೇಕಾದರೂ ಎಣಿಸಬಹುದು ಎಂದು ಇನ್ನೊಬ್ಬರು ನೆನಪಿಸಿದರು. ಕೋಣೆಯ ಆಸೆಗೆ ಮನುಷ್ಯ ಎಲ್ಲಿಯವರೆಗೆ ಇಳಿಯುತ್ತಾನೆ ಎಂದು ಯಾರೋ ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಕಣ್ಣು, ಕಿವಿ, ಇಪ್ಪತ್ತಮೂರು ವರ್ಷದ ಒಡನಾಟ ಎಲ್ಲವೂ ಇದ್ದ ಜನ, ಅಷ್ಟನ್ನೂ ಮಡಚಿ ಜೇಬಿನಲ್ಲಿಟ್ಟು, ಅಂಗೈಯಗಲದ ಗಾಜಿನ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ತಲೆದೂಗುತ್ತಿದ್ದರು.

ಕೀಲಿ ಬದಲಿಸಿದೆ ಎಂದು ಹೇಳಲು ಮುಳ್ಳಪ್ಪನವರು ಬಾಯಿ ತೆರೆದರು. ಎದುರಿಗೆ ಟೈಲರಮ್ಮ ಕೂತಿದ್ದಳು.

“ಹಾಗಾದರೆ ಬಕೆಟ್ಟಿಗೆ ಬಿದ್ದದ್ದು?” ಎಂದು ಅವಳು ತಣ್ಣಗೆ ಕೇಳಿದಳು.

ಸುಳ್ಳು ಕಾರಣ ಕೊಟ್ಟವರಿಗೆ ಸೌಲಭ್ಯವಿಲ್ಲ, ಸಾಕ್ಷಿಗೂ ಇಲ್ಲ. ಸತ್ಯ ಹೇಳಿದರೂ ಕೋಣೆಯಿಲ್ಲ, ಹೇಳದಿದ್ದರೂ ಕೋಣೆಯಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು ಅವರು ಕುರ್ಚಿಯಲ್ಲಿ ಕುಸಿದರು.

ಅಧ್ಯಕ್ಷರು ನಿಟ್ಟುಸಿರಿಟ್ಟರು. ಉಪಕಾರಿ ಹೆಸರು ಬಯಸದ ದೊಡ್ಡ ಮನುಷ್ಯನೆಂದು ಕಾಣುತ್ತದೆ, ಅಂಥವರ ನೆನಪಿಗೆ ಕೋಣೆಯನ್ನು ಎಲ್ಲರ ಉಪಯೋಗಕ್ಕೆ ಬಿಡೋಣ ಎಂದರು. ತಾವಂತೂ ಇನ್ನು ಓಡುವಂತಿಲ್ಲ. ಟ್ರೆಡ್‌ಮಿಲ್ಲು ಆ ಕೋಣೆಯಲ್ಲಿರಲಿ, ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಹನ್ನೆರಡೂ ಮನೆಯವರು ಸರದಿಯಂತೆ ಓಡಲಿ ಎಂದರು. ಚಪ್ಪಾಳೆ ಬಿತ್ತು.

ಯಂತ್ರ ಭಾರವಿತ್ತು. ಮೂರು ಮೂಲೆಗೆ ಮೂವರು ಸಿಕ್ಕಿದರು, ನಾಲ್ಕನೆಯ ಮೂಲೆಗೆ ಮೆಟ್ಟಿಲಲ್ಲಿ ಸಿಕ್ಕ ಮುಳ್ಳಪ್ಪನವರನ್ನೇ ಕರೆದರು. ಹಿಡಿದರು. ತಮ್ಮದೇ ಮನೆಯ ಬಾಗಿಲ ಮುಂದೆಯೇ ಹಾಯಿಸಿ, ತಾವು ಬೆಂಚು ಹಾಕಬೇಕೆಂದು ನಾಲ್ಕು ವರ್ಷ ಅಂದುಕೊಂಡಿದ್ದ ಜಾಗದಲ್ಲೇ ಇಳಿಸಿ ಬಂದರು.

ಮನೆಯಲ್ಲಿ ಕೈ ತೊಳೆದು, ಹಿತ್ತಾಳೆಯ ಕೊಳವೆ ತೆಗೆದು ಗಡಿಯಾರದ ಮುಂದೆ ಕೂತರು. ಟಿಕ್ ಕೇಳಿಸಿತು. ಟಾಕ್ ಕೇಳಿಸುವ ಮೊದಲು ನೆಲ ಧಡ್ ಎಂದಿತು. ಕಾರ್ಯದರ್ಶಿ ಮೊದಲ ಸರದಿ ತೆಗೆದುಕೊಂಡಿದ್ದ.

“ರೀ, ಈಗ ಕೆಳಗಿಂದ ಬರ್ತಿದೆ,” ಎಂದರು ಹೆಂಡತಿ.

ಮುಳ್ಳಪ್ಪನವರು ಫೋನು ತೆಗೆದು ದೂರಿನ ಪುಟಕ್ಕೆ ಹೋದರು. ‘ಹೊಸ ನಿವಾಸಿಗೆ ಸ್ವಾಗತ’ ಎಂದಿತು ಫೋನು. ‘ನಿಮ್ಮ ಕೀಲಿಗೆ ದೂರು ಕೊಡುವ ಹಕ್ಕು ಒಂದು ವರ್ಷದ ನಂತರ ದೊರೆಯುತ್ತದೆ.’ ಇಪ್ಪತ್ತಮೂರು ವರ್ಷ ಈ ಮನೆಯಲ್ಲಿ ಬಾಳಿದ ಮನುಷ್ಯ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಫೋನನ್ನು ಮಗುಚಿ ಹಾಕಿ, ಕೊಳವೆಯ ತುದಿಯನ್ನು ಗಡಿಯಾರದಿಂದ ತೆಗೆದು ನೆಲಕ್ಕೆ ಹಚ್ಚಿ, ಮೊಣಕಾಲೂರಿ ಬಗ್ಗಿ ಪೂರಾ ಒಂದು ನಿಮಿಷ ಕೇಳಿದರು.

“ನೂರ ನಲವತ್ತು,” ಎಂದರು ಹೆಂಡತಿಗೆ. “ಎಡಗಾಲು ತಡ. ಚೆನ್ನಾಗಿಯೇ ತಡ. ಈ ಸಲ ಮಾತ್ರ ನಾನು ಯಾರಿಗೂ ಹೇಳಲ್ಲ.”